ಕೆಳಗಿನ ಪಿಸ್ಟನ್

ನನ್ನ ತಪ್ಪನ್ನು ನನ್ನ ತಮ್ಮ ಹೊತ್ತುಕೊಂಡಾಗ ನಾನು ಬಾಯಿ ಬಿಡಲಿಲ್ಲ. ಹೀಗೆ ಬರೆದರೂ ಪೂರ್ತಿ ನಿಜ ಬರೆದ ಹಾಗಾಗಲಿಲ್ಲ. ಬಾಯಿ ಬಿಟ್ಟೆ. ಬಿಟ್ಟು ಸುಳ್ಳು ಹೇಳಿದೆ. ಆಮೇಲೆ ಎಷ್ಟೋ ವರ್ಷ ಸುಮ್ಮನಿದ್ದೆ.

ದೋಣಿ ಎಂಜಿನ್ ಬಿಚ್ಚಿ ಕಟ್ಟುವ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಿಮ್ಮ ಅನುಭವ ಬರೆದುಕೊಡಿ ಎಂದು ನಮ್ಮ ವರ್ಕ್‌ಶಾಪಿನ ಈಗಿನ ಯಜಮಾನಿ ಸ್ಮಿತಾ ಮೇಡಂ ಕೇಳಿದರು. ನಾನು ಓದಿದ್ದು ಏಳನೇ ಕ್ಲಾಸು, ಚಿಕ್ಕಬಾಣಾವರದ ಸರ್ಕಾರಿ ಶಾಲೆಯಲ್ಲಿ. ಬರೆಯುವುದೆಂದರೆ ಬಿಲ್ಲಿನ ಮೇಲೆ ನಾರಾಯಣಪ್ಪ ಅಂತ ಸಹಿ ಹಾಕುವುದಷ್ಟೇ ಅಭ್ಯಾಸ. ಪಿಸ್ಟನ್ ಕೂರಿಸುವುದು ಹೇಗೆ ಅಂತ ಬರೆಯೋಣ ಎಂದು ಕೂತೆ. ಪಿಸ್ಟನ್ ಬಗ್ಗೆ ಬರೆಯಲು ಹೋದಾಗಲೆಲ್ಲ ತಮ್ಮ ಮಂಜುನಾಥನೇ ಎದುರಿಗೆ ಬಂದು ನಿಂತ. ಅವನನ್ನು ಬಿಟ್ಟು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಬೆಂಗಳೂರಿನಲ್ಲಿ ದೋಣಿ ಎಂಜಿನ್ ರಿಪೇರಿ ಅಂದರೆ ಜನ ನಗುತ್ತಾರೆ. ನನ್ನ ಮಾವನವರೂ ಹೆಣ್ಣು ಕೊಡುವಾಗ ನಕ್ಕಿದ್ದರು. ಆದರೆ ಯಶವಂತಪುರದ ನಮ್ಮ ಶೆಡ್ಡಿಗೆ ಕೆಲಸಕ್ಕೇನೂ ಕಮ್ಮಿ ಇರಲಿಲ್ಲ. ಕೆರೆಗಳಲ್ಲಿ ಬೋಟಿಂಗ್ ನಡೆಸುವ ಕಂಟ್ರಾಕ್ಟರುಗಳು, ಡ್ಯಾಮಿನ ಹಿನ್ನೀರಿನ ರೆಸಾರ್ಟಿನವರು, ಮೀನು ಹಿಡಿಯುವವರು, ಮಳೆಗಾಲದಲ್ಲಿ ಜನರನ್ನು ನೀರಿನಿಂದ ಆಚೆ ತರುವ ತಂಡಗಳು, ಎಲ್ಲರೂ ನಮ್ಮಲ್ಲಿಗೇ ಬರುತ್ತಿದ್ದರು. ದೋಣಿಯ ಹಿಂದೆ ತೂಗುಹಾಕುವ ಎಂಜಿನ್ ಅದು. ಹೊಟ್ಟೆಯೊಳಗೆ ನೋಡಿದರೆ ನಮ್ಮ ಹಳೇ ಸ್ಕೂಟರಿನ ದೊಡ್ಡಣ್ಣ. ಅದಕ್ಕೇ ಸ್ಕೂಟರ್ ಮೆಕ್ಯಾನಿಕ್ಕುಗಳು ಈ ಕೆಲಸಕ್ಕೆ ಬಂದದ್ದು. ನಾನು ಬಂದದ್ದೂ ಹಾಗೇ, ಮತ್ತಿಕೆರೆಯ ಒಂದು ಸ್ಕೂಟರ್ ಗ್ಯಾರೇಜಿನಿಂದ.

ನನಗೆ ಕೆಲಸ ಕಲಿಸಿದವರು ಮೇಸ್ತ್ರಿ ಗಫೂರ್ ಸಾಬರು. ಬಾಯಲ್ಲಿ ಯಾವಾಗಲೂ ಎಲೆಯಡಿಕೆ. ಸೇರಿದ ದಿನ ಕೇಳಿದರು: "ಏನ್ ಮಿಯಾ, ಸ್ಕೂಟರ್ ಬರ್ತದಾ?"

"ಕಣ್ಮುಚ್ಕೊಂಡು ಬಿಚ್ತೀನಿ ಸಾಬ್."

"ಇಲ್ಲಿ ಕಣ್ ಬಿಟ್ಕೊಂಡೇ ಬಿಚ್ಚು. ಸ್ಕೂಟರ್ ನಿಂತ್ರೆ ತಳ್ಕೊಂಡು ಮನೇಗೆ ಹೋಗ್ಬಹುದು. ನೀರಿನ ಮಧ್ಯ ದೋಣಿ ನಿಂತ್ರೆ ಯಾರ್ ತಳ್ತಾರೆ, ಮೀನು ತಳ್ತದಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಾತು ಎಷ್ಟು ಭಾರದ್ದು ಅಂತ ತಿಳಿಯುವ ಹೊತ್ತಿಗೆ ಸಾಬರು ತೀರಿಕೊಂಡಿದ್ದರು.

ಪಿಸ್ಟನ್ನಿಗೆ ಒಂದು ಕಡೆ ಬಾಯಿ ಬಿಟ್ಟ ರಿಂಗುಗಳಿರುತ್ತವೆ. ದೋಣಿ ಎಂಜಿನ್ನಿನಲ್ಲಿ ರಿಂಗಿನ ಬಾಯಿ ಎಲ್ಲೆಂದರಲ್ಲಿ ನಿಲ್ಲುವ ಹಾಗಿಲ್ಲ. ರಿಂಗು ಕೂರುವ ತೋಡಿನಲ್ಲಿ ಸಾಸಿವೆಯಂಥ ಒಂದು ಮೊಳೆ ಇರುತ್ತದೆ, ಅದರ ಎರಡು ಪಕ್ಕಕ್ಕೆ ಬಾಯಿಯ ತುದಿಗಳು ಬರಬೇಕು. ಮೊದಲ ವಾರವೇ ನಾನು ಅದನ್ನು ನೋಡದೆ ಸಿಲಿಂಡರಿನೊಳಗೆ ತಳ್ಳಿದೆ. ಒಳಗೆ ಹೋಗಲಿಲ್ಲ. ಮತ್ತೆ ಒತ್ತಿದೆ. ಟಕ್ ಅಂತು. ಗಫೂರ್ ಸಾಬರು ಬೈಯಲಿಲ್ಲ. ಮುರಿದ ರಿಂಗನ್ನು ದಾರದಲ್ಲಿ ಕಟ್ಟಿ ನನ್ನ ಅಂಗಿಯ ಗುಂಡಿಗೆ ತೂಗುಹಾಕಿದರು. ಸಂಜೆವರೆಗೂ ತೆಗೆಯುವ ಹಾಗಿಲ್ಲ. ಟೀ ಕುಡಿಯಲು ಹೋದರೆ ಅಂಗಡಿಯವನು ಬಿಟ್ಟಾನೆಯೇ? "ಏನ್ ಗುರು, ತಾಳಿ ಕಟ್ಟಿಸ್ಕೊಂಡ್ ಬಂದಿದೀಯಾ?" ಅಂತ ಕೂಗಿದ. ಆಮೇಲೆ ನಾನು ರಿಂಗ್ ಮುರಿಯಲಿಲ್ಲ. ಕೈಗೆ ಬಿಗಿ ಸಿಕ್ಕಿತೆಂದರೆ ಒತ್ತಬಾರದು, ಹೊರಗೆ ತೆಗೆದು ಯಾಕೆ ಅಂತ ನೋಡಬೇಕು. ಹೊಸಬರು ಇದೊಂದನ್ನು ಕಲಿತರೆ ಅರ್ಧ ಕೆಲಸ ಕಲಿತ ಹಾಗೆ.

ಆಗ ಪಿಸ್ಟನ್ನಿನ ಪಿನ್ನನ್ನು ಮರದ ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಿದ್ದೆವು. ಪಿಸ್ಟನ್ನನ್ನೂ ಅದರ ಕೆಳಗಿನ ರಾಡನ್ನೂ ಸೇರಿಸುವುದು ಆ ಪಿನ್ನು. ಬಡಿದರೆ ರಾಡ್ ಬಾಗುವ ಭಯ. ಪಿಸ್ಟನ್ ಬಿಸಿ ಮಾಡಿದರೆ ಪಿನ್ನು ಬೆರಳಲ್ಲೇ ಜಾರುತ್ತದೆ ಅಂತ ಎಲ್ಲಿಂದಲೋ ಕೇಳಿಕೊಂಡು ಬಂದವನು ಮಂಜು. ನಮ್ಮನೆಯ ಹಳೇ ಇಡ್ಲಿ ಪಾತ್ರೆಯನ್ನು ನನ್ನ ಹೆಂಡತಿಗೆ ಹೇಳದೆ ಎತ್ತಿಕೊಂಡು ಬಂದ. ಅದರಲ್ಲಿ ಎಣ್ಣೆ ಕಾಯಿಸಿ ಪಿಸ್ಟನ್ ಅದ್ದಿದ. ನಿಜವಾಗಿಯೂ ಪಿನ್ನು ಬೆಣ್ಣೆಯಂತೆ ಹೋಯಿತು. ಗಫೂರ್ ಸಾಬರು ಬಗ್ಗಿ ನೋಡಿ, "ಚಟ್ನಿ ಎಲ್ಲೋ?" ಅಂದರು. ಮಾರನೇ ದಿನದಿಂದ ಸುತ್ತಿಗೆ ಮೂಲೆ ಸೇರಿತು. ಹೆಂಡತಿ ಬಹಳ ದಿನ ಆ ಪಾತ್ರೆ ಹುಡುಕಿದಳು.

ಮಂಜು ನನಗಿಂತ ಎಂಟು ವರ್ಷ ಚಿಕ್ಕವನು. ಅವನನ್ನು ಕೆಲಸಕ್ಕೆ ಸೇರಿಸಿದ್ದು ನಾನೇ. ನನ್ನ ಕೈ ಬೇಗ ಓಡುತ್ತದೆ, ಅವನದು ನಿಧಾನ. ಗಿರಾಕಿ ಎದುರಿಗೆ ನಿಂತಿದ್ದರೂ ಅವನು ಅವಸರ ಮಾಡುತ್ತಿರಲಿಲ್ಲ. ಮನೆಯಿಂದ ಹಳೇ ಬನೀನುಗಳನ್ನು ತಂದು ಕತ್ತರಿಸಿ, ಒಗೆದು, ಶೆಡ್ಡಿನ ಹಿಂದೆ ಹಗ್ಗಕ್ಕೆ ಒಣಹಾಕುತ್ತಿದ್ದ. ಪಿಸ್ಟನ್ ಜೋಡಿಸುವಾಗ ಎಂಜಿನ್ನಿನ ತೆರೆದ ಬಾಯಿಗೆ ಆ ಬಟ್ಟೆ ತುರುಕುತ್ತಿದ್ದ.

"ಬಾಣಂತಿ ಮನೆ ಥರ ಆಗಿದೆ ಕಣೋ ವರ್ಕ್‌ಶಾಪು. ಎಲ್ಲಿ ನೋಡಿದ್ರೂ ಬಟ್ಟೆ," ಅಂತ ನಾನು ರೇಗಿಸುತ್ತಿದ್ದೆ.

"ಎಂಜಿನ್ ಹುಟ್ಟೋ ಜಾಗ ತಾನೇ ಅಣ್ಣ, ಬಟ್ಟೆ ಬೇಕೇ ಬೇಕು," ಅನ್ನುತ್ತಿದ್ದ.

ಬಟ್ಟೆ ಯಾಕೆ ಅಂತ ಹೊಸಬರಿಗೆ ಹೇಳಬೇಕು. ಪಿನ್ನು ಪಕ್ಕಕ್ಕೆ ಜಾರದಂತೆ ಅದರ ಎರಡು ತುದಿಗೂ ಒಂದೊಂದು ಲಾಕ್ ಹಾಕುತ್ತೇವೆ. ಉಗುರಿನಗಲದ, ಬಾಯಿ ಬಿಟ್ಟ ತಂತಿ ಬಳೆ ಅದು. ಸ್ಪ್ರಿಂಗಿನ ಉಕ್ಕು, ಇಕ್ಕಳದಲ್ಲಿ ಒತ್ತಿ ಅದರ ತೋಡಿನೊಳಗೆ ಕೂರಿಸುವಾಗ ಸ್ವಲ್ಪ ಕೈ ತಪ್ಪಿದರೆ ಮಿಡತೆಯ ಹಾಗೆ ಹಾರುತ್ತದೆ. ನಮ್ಮಲ್ಲಿಗೆ ಬರುತ್ತಿದ್ದ ಹಳೇ ಮಾದರಿಯ ಎಂಜಿನ್ನುಗಳಲ್ಲಿ ಸಿಲಿಂಡರ್ ಬೇರೆ, ಕೆಳಗಿನ ಚೇಂಬರ್ ಬೇರೆ. ಲಾಕ್ ಹಾಕುವ ಹೊತ್ತಿಗೆ ಚೇಂಬರಿನ ಬಾಯಿ ಕೆಳಗೇ ತೆರೆದುಕೊಂಡಿರುತ್ತದೆ. ಲಾಕ್ ಅದರೊಳಗೆ ಬಿದ್ದರೆ ಮತ್ತೆ ಇಡೀ ಎಂಜಿನ್ ಬಿಚ್ಚಬೇಕು. ಬಿಚ್ಚದೆ ಓಡಿಸಿದರೆ ಇವತ್ತಲ್ಲ ನಾಳೆ ಅದು ಪಿಸ್ಟನ್ನಿಗೆ ಸಿಕ್ಕಿ ಎಂಜಿನ್ ಕಚ್ಚಿಕೊಳ್ಳುತ್ತದೆ. ಅದಕ್ಕೆ ಬಟ್ಟೆ. ಇದು ಗಫೂರ್ ಸಾಬರ ಕಾಲದ ಕಟ್ಟಳೆ. ಮಂಜು ಪಾಲಿಸುತ್ತಿದ್ದ. ಬೇರೆಯವರಿಗೆ ಹಾಕಿ ಅಂತ ಹೇಳುತ್ತಿದ್ದ ನಾನು ನನ್ನ ಕೈ ಮೇಲಿನ ನಂಬಿಕೆಯಿಂದ ಹಾಕುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಸಾಬರ ಜಾಗದಲ್ಲಿ ನಾನೇ ಮೇಸ್ತ್ರಿ. ನನ್ನನ್ನು ಕೇಳುವವರು ಯಾರಿದ್ದರು?

ಆ ಮಳೆಗಾಲದಲ್ಲಿ ಯಲಹಂಕದ ಕಡೆ ತಗ್ಗಿನ ಬಡಾವಣೆಗಳಿಗೆ ಮೇಲಿಂದ ಮೇಲೆ ನೀರು ನುಗ್ಗಿತ್ತು. ಜನರನ್ನು ದೋಣಿಯಲ್ಲಿ ಸಾಗಿಸುತ್ತಿದ್ದ ಒಂದು ತಂಡದವರು ತಮ್ಮ ಎಂಜಿನ್ ತಂದು, ಇವತ್ತೇ ಆಗಬೇಕು, ಮತ್ತೆ ಮೋಡ ಕಟ್ಟಿದೆ ಅಂದರು. ಎರಡು ಸಿಲಿಂಡರಿನ ಎಂಜಿನ್. ದೋಣಿಯಲ್ಲಿ ನಿಲ್ಲಿಸಿದಾಗ ಒಂದು ಪಿಸ್ಟನ್ ಮೇಲೆ, ಒಂದು ಕೆಳಗೆ. ಎರಡಕ್ಕೂ ಬೇರೆ ಬೇರೆ ಚೇಂಬರ್, ನಡುವೆ ಗೋಡೆ. ಮೇಲಿನದು ಮಂಜು, ಕೆಳಗಿನದು ನಾನು ಅಂತ ಹಂಚಿಕೊಂಡೆವು. ಮಂಜು ತನ್ನದನ್ನು ಮುಗಿಸಿ ಗ್ಯಾಸ್ಕೆಟ್ ತರಲು ಬೈಕ್ ಹತ್ತಿದ. ಹೋಗುವಾಗ, "ಅಣ್ಣ, ಬಟ್ಟೆ ಇಲ್ಲೇ ಇಟ್ಟಿದೀನಿ," ಅಂದ.

ನಾನು ಪಿನ್ನು ಹಾಕಿದೆ. ಮೊದಲ ಲಾಕ್ ಕೂತಿತು. ಎರಡನೆಯದನ್ನು ಒತ್ತುವಾಗ ಇಕ್ಕಳ ಜಾರಿತು. ಲಾಕ್ ಹಾರಿತು. ಎಲ್ಲೂ ಠಣ್ ಅನ್ನಲಿಲ್ಲ.

ಸಿಮೆಂಟ್ ನೆಲಕ್ಕೆ ಬಿದ್ದಿದ್ದರೆ ಸದ್ದು ಬರಬೇಕಿತ್ತು. ಅದು ನನಗೆ ಗೊತ್ತಿತ್ತು, ಆ ಕ್ಷಣದಲ್ಲೇ ಗೊತ್ತಿತ್ತು. ಆದರೂ ಬೆಂಚಿನ ಕೆಳಗೆ ಬಗ್ಗಿ ಹುಡುಕಿದೆ. ಚೇಂಬರಿಗೆ ಗಾಳಿ ಊದಿದೆ, ಅಯಸ್ಕಾಂತ ಬಿಟ್ಟು ನೋಡಿದೆ, ಅಲ್ಲಾಡಿಸಿದೆ. ಏನೂ ಬರಲಿಲ್ಲ. ಒಳಗೆಲ್ಲ ಎಣ್ಣೆ ಜಿಡ್ಡು, ಅಂಟಿಕೊಂಡರೆ ಅಲ್ಲಾಡಿಸಿದರೂ ಬರುವುದಿಲ್ಲ. ತಂಡದ ಜೀಪು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಪೂರ್ತಿ ಬಿಚ್ಚೋಣ ಅಂದರೆ ಯಾಕೆ ಅಂತ ಹೇಳಬೇಕು. ಇಷ್ಟು ವರ್ಷದ ಮೇಸ್ತ್ರಿ ಬಟ್ಟೆ ಹಾಕದೆ ಲಾಕ್ ಬೀಳಿಸಿದ ಅಂತ ಎಲ್ಲರ ಎದುರು ಒಪ್ಪಿಕೊಳ್ಳಬೇಕು. ಶೆಡ್ಡಿನ ಮೋರಿಗೆ ಬಿದ್ದಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಡಬ್ಬಿಯಿಂದ ಇನ್ನೊಂದು ಲಾಕ್ ತೆಗೆದು ಹಾಕಿದೆ.

ಮಂಜು ಬಂದ. ಅವನಿಟ್ಟ ಬಟ್ಟೆ ಇಟ್ಟಲ್ಲೇ ಮಡಚಿಕೊಂಡಿತ್ತು. ಅದನ್ನು ನೋಡಿದ, ನನ್ನನ್ನೂ ನೋಡಿದ.

"ಕೆಳಗಿಂದಕ್ಕೆ ಬಟ್ಟೆ ಹಾಕಿದ್ದೆ ತಾನೇ ಅಣ್ಣ?"

"ಹಾಕಿದ್ದೆ ಕಣೋ. ಮುಚ್ಚು, ಟೈಮಾಯ್ತು."

ಮುಚ್ಚಿದೆವು. ಡ್ರಮ್ಮಿನ ನೀರಲ್ಲಿಟ್ಟು ಓಡಿಸಿದೆವು. ಚೆನ್ನಾಗಿಯೇ ಓಡಿತು. ಚೆನ್ನಾಗಿ ಓಡಿದ್ದಕ್ಕೆ ನನಗೆ ನನ್ನ ಮೋರಿಯ ಕತೆ ಇನ್ನಷ್ಟು ನಿಜ ಅನಿಸಿತು.

ಎರಡು ದಿನದ ಮೇಲೆ, ರಾಜಕಾಲುವೆ ಉಕ್ಕಿ ಹರಿಯುತ್ತಿದ್ದ ಒಂದು ತಿರುವಿನಲ್ಲಿ, ಎಂಜಿನ್ ಕಚ್ಚಿಕೊಂಡು ನಿಂತಿತು. ದೋಣಿಯಲ್ಲಿ ಒಬ್ಬ ವಯಸ್ಸಾದ ಅಮ್ಮ, ಅವರ ಮಗಳು, ತಂಡದವರಿಬ್ಬರು. ಸೆಳೆತಕ್ಕೆ ದೋಣಿ ಅಡ್ಡ ತಿರುಗಿ ಒಂದು ಕಾಂಪೌಂಡ್ ಗೋಡೆಗೆ ಬಡಿಯಿತು. ಗೋಡೆಗೂ ದೋಣಿಗೂ ನಡುವೆ ಸಿಕ್ಕಿ ಆ ಅಮ್ಮನ ಮೊಣಕೈ ಮುರಿಯಿತು. ಆ ಗೋಡೆ ಅಲ್ಲಿ ಇಲ್ಲದಿದ್ದರೆ ದೋಣಿ ಸೀದಾ ಕಾಲುವೆಯೊಳಗೆ ಹೋಗುತ್ತಿತ್ತು ಎಂದು ತಂಡದವರು ಹೇಳಿದರು. ಅದನ್ನು ನಾನು ಈಗಲೂ ಪೂರ್ತಿ ಯೋಚಿಸುವುದಿಲ್ಲ, ಅರ್ಧಕ್ಕೇ ಬಿಟ್ಟುಬಿಡುತ್ತೇನೆ.

ಎಂಜಿನ್ ವಾಪಸು ಬಂತು. ಎಲ್ಲರ ಎದುರು ಬಿಚ್ಚಿದೆವು. ಸ್ಮಿತಾ ಮೇಡಂ ತಂದೆ ಪ್ರಭಾಕರಯ್ಯನವರು ಆಗಿನ ಯಜಮಾನರು. ಒಳ್ಳೆಯ ಮನುಷ್ಯ, ಆದರೆ ಕೆಲಸದಲ್ಲಿ ಕಳ್ಳಾಟ ಕಂಡರೆ ಬಿಡುವವರಲ್ಲ. ಪಿಸ್ಟನ್ನುಗಳ ಲಾಕುಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಕೆಳಗಿನ ಸಿಲಿಂಡರಿನಲ್ಲಿ ಮಾತ್ರ, ಪಿಸ್ಟನ್ನಿನ ಮಗ್ಗುಲಿಗೆ ಕಚ್ಚಿಕೊಂಡು, ಜಜ್ಜಿಹೋದ ಇನ್ನೊಂದು ಲಾಕಿನ ತುಂಡು ಸಿಕ್ಕಿತು. ಯಾರೋ ಬೀಳಿಸಿ, ಬೇರೆ ಹಾಕಿ, ಸುಮ್ಮನೆ ಮುಚ್ಚಿದ್ದಾರೆ ಅಂತ ನೋಡಿದವರಿಗೆಲ್ಲ ತಿಳಿಯಿತು.

ಯಜಮಾನರು ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು: "ಕೆಳಗಿಂದು ಯಾರು ಕೂರಿಸಿದ್ದು ನಾರಾಯಣಪ್ಪ?"

ನನಗೆ ಮಂಜುವಿನ ಕಡೆ ನೋಡುವ ಧೈರ್ಯ ಬರಲಿಲ್ಲ. ತುಂಡನ್ನೇ ನೋಡುತ್ತ ಹೇಳಿದೆ: "ಮೇಲಿಂದು ನಾನು ಸಾರ್. ಕೆಳಗಿಂದು ಮಂಜು."

ಯಜಮಾನರು ಅವನ ಕಡೆ ತಿರುಗಿದರು. "ಹೌದೇನಪ್ಪಾ?"

ಮಂಜು ಅಂದ: "ಅಣ್ಣ ಹೇಳಿದ್ಮೇಲೆ ನಂದೇ ಇರ್ಬೇಕು ಸಾರ್."

"ಇರ್ಬೇಕು ಅಂದ್ರೇನು? ನಿಂದೋ ಅಲ್ವೋ?"

"ನಂದೇ."

ಸಂಜೆಗೆ ಅವನನ್ನು ಕೆಲಸದಿಂದ ಬಿಡಿಸಿದರು. ಬಟ್ಟೆ ಹಾಕದೆ ಯಾವತ್ತೂ ಕೆಲಸ ಮಾಡದವನು, ಬಟ್ಟೆ ಹಾಕಲಿಲ್ಲ ಅನ್ನುವ ಕಾರಣಕ್ಕೆ ಹೋದ. ಅವನು ಹೊರಡುವಾಗ ನಾನು ಕಂಪ್ರೆಸರ್ ಹಿಂದೆ ಏನೋ ಹುಡುಕುತ್ತಿರುವವನಂತೆ ನಿಂತಿದ್ದೆ. ಯಾರೋ ಒಬ್ಬರು, "ಬನೀನು ಬಟ್ಟೆಯೆಲ್ಲ ಶೋಕಿಗೆ ಇಟ್ಟಿದ್ದೇನೋ ಮಂಜಾ?" ಅಂತ ಕುಹಕವಾಡಿದರು. ಅದಕ್ಕೂ ನಾನು ಏನೂ ಅನ್ನಲಿಲ್ಲ.

ಅವನು ಆ ಅಮ್ಮನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದ ಅಂತ ಆಮೇಲೆ ಅವನ ಹೆಂಡತಿ ಸುಜಾತ ನನ್ನ ಹೆಂಡತಿಗೆ ಹೇಳಿದಳು. ಕಿತ್ತಳೆ ಹಣ್ಣು ತಗೊಂಡು ಹೋಗಿ, ಎಂಜಿನ್ ಕಟ್ಟಿದವನು ನಾನೇ ಅಮ್ಮ ಅಂದನಂತೆ. ಅವರ ಮಗಳು ಬಾಯಿಗೆ ಬಂದಂತೆ ಬೈದಳಂತೆ. ನಿಂತು ಬೈಸಿಕೊಂಡು ಬಂದನಂತೆ. ನನಗೆ ಸಲ್ಲಬೇಕಾದ ಬೈಗಳವು. ಅವನ್ನೂ ಅವನೇ ತಿಂದ.

ಈ ಕೆಲಸದವರ ಲೋಕ ಚಿಕ್ಕದು. ಹೆಬ್ಬಾಳದಲ್ಲಿ ಆಡಿದ ಮಾತು ಮಧ್ಯಾಹ್ನದೊಳಗೆ ಯಶವಂತಪುರಕ್ಕೆ ಬಂದಿರುತ್ತದೆ. ಮಂಜುವಿಗೆ ಯಾರೂ ಎಂಜಿನ್ ಮುಟ್ಟಲು ಬಿಡಲಿಲ್ಲ. ಕೊನೆಗೆ ಚಿಕ್ಕಜಾಲದ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಪಂಪ್ ಆಪರೇಟರ್ ಆಗಿ ಸೇರಿದ. ಬೆಳಿಗ್ಗೆ ಮೋಟರ್ ಹಾಕುವುದು, ಟ್ಯಾಂಕ್ ತುಂಬಿದ ಮೇಲೆ ಆರಿಸುವುದು. ಹಬ್ಬ ಹುಣ್ಣಿಮೆಗೆ ನಮ್ಮನೆಗೆ ಬರುತ್ತಿದ್ದ, ಊಟ ಮಾಡುತ್ತಿದ್ದ, ನನ್ನ ಮಕ್ಕಳ ಜೊತೆ ನಗುತ್ತಿದ್ದ. ನನ್ನ ಕೆಲಸದ ಬಗ್ಗೆ ಮಾತ್ರ ಒಂದು ಮಾತೂ ಕೇಳುತ್ತಿರಲಿಲ್ಲ. ಸುಜಾತ ನನ್ನನ್ನು ಭಾವ ಅಂತ ಕರೆಯುವುದನ್ನು ಬಿಟ್ಟಳು. ನಾನು ಅವರ ಮನೆಗೆ ಹೋದಾಗ ನೀರು ಕೊಟ್ಟರೂ ಲೋಟವನ್ನು ಟೀಪಾಯಿಯ ಮೇಲಿಟ್ಟು ಹೋಗುತ್ತಿದ್ದಳು. ಇಬ್ಬರಿಗೂ ಗೊತ್ತಿತ್ತು. ಗೊತ್ತಿದೆ ಅಂತ ನನಗೂ ಗೊತ್ತಿತ್ತು.

ನಾನು ಒಂದು ಕೆಲಸ ಮಾಡಿದೆ ಅಂತ ಹೇಳಿಕೊಳ್ಳಬಹುದಾದರೆ, ಆಮೇಲೆ ಬಟ್ಟೆ ಹಾಕದೆ ಯಾವ ಪಿಸ್ಟನ್ನನ್ನೂ ಕೂರಿಸಲಿಲ್ಲ, ಯಾರಿಗೂ ಕೂರಿಸಲು ಬಿಡಲಿಲ್ಲ. ಶೆಡ್ಡಿನಲ್ಲಿ ಅದು ನನ್ನ ಶಿಸ್ತು ಅಂತ ಹೆಸರಾಯಿತು. ನಾರಾಯಣಪ್ಪನವರ ಬಟ್ಟೆ ಅಂತಲೇ ಕರೆಯತೊಡಗಿದರು. ತಮ್ಮನ ಕೆಲಸ ಹೋಯಿತು, ಅವನ ಬಟ್ಟೆಗೂ ನನ್ನ ಹೆಸರು ಬಂತು.

ಈಗೀಗ ಹೊಸ ಎಂಜಿನ್ನುಗಳು ಬಂದಿವೆ. ಲ್ಯಾಪ್‌ಟಾಪ್ ತಗುಲಿಸಿ ರೋಗ ಕೇಳುತ್ತಾರೆ. ಪಿಸ್ಟನ್ ಕೂರಿಸುವ ಕ್ರಮವೇ ಬೇರೆ. ಕಲಿಯುವವರು ನನಗಿಂತ ಜಾಣರು, ನನ್ನಿಂದ ಕಲಿಯಬೇಕಾದ್ದು ಹೆಚ್ಚೇನೂ ಇಲ್ಲ. ಆದರೆ ಯಾವ ಎಂಜಿನ್ನಾದರೂ ಕೈ ಜಾರುವ ಕ್ಷಣ ಒಂದಿರುತ್ತದೆ. ಜಾರಿದ್ದಕ್ಕೆ ಬೈಸಿಕೊಂಡು ಮತ್ತೆ ಬಿಚ್ಚಿದರೆ ಒಂದು ದಿನದ ಕೆಲಸ ಹಾಳಾಗುತ್ತದೆ, ಅಷ್ಟೇ.

ನಾನು ನಿವೃತ್ತಿಯಾದಾಗ ಸ್ಮಿತಾ ಮೇಡಂ ಶೆಡ್ಡಿನಲ್ಲೇ ಒಂದು ಚಿಕ್ಕ ಸಮಾರಂಭ ಮಾಡಿದರು. ಶಾಲು, ಹಾರ, ಪೇಟ. ನನ್ನ ಹೆಂಡತಿ ಹಟ ಮಾಡಿ ಮಂಜುವನ್ನೂ ಕರೆಸಿದ್ದಳು. ಅವನು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದ. ಮೇಡಂ ಮೈಕ್ ಹಿಡಿದು, "ನಾರಾಯಣಪ್ಪನವರು ತಮ್ಮ ಕೈಯಿಂದ ಕಟ್ಟಿದ ಎಂಜಿನ್ ಒಂದೂ ಕೆಟ್ಟು ವಾಪಸ್ ಬಂದಿಲ್ಲ ಅಂತ ನಮ್ ತಂದೆ ಹೇಳ್ತಿದ್ರು," ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಮಂಜುವೂ ಹೊಡೆದ. ಅಣಕಕ್ಕಲ್ಲ. ಅಣ್ಣನಿಗೆ ಮರ್ಯಾದೆ ಆಗುತ್ತಿದೆ ಅಂತ ಮನಸಾರೆ ಹೊಡೆದ.

ನನ್ನ ಕೈಗೆ ಮೈಕ್ ಬಂತು. ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಯಾವುದಿತ್ತು? ಎಲ್ಲರಿಗೂ ಧನ್ಯವಾದ, ಊಟ ಮಾಡ್ಕೊಂಡು ಹೋಗಿ ಅಂದೆ. ಕೂತೆ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಕೂತು ಕೂತು ಆ ಚಪ್ಪಾಳೆಯೇ ಕೇಳಿಸುತ್ತಿತ್ತು. ಒಂದು ಬೆಳಿಗ್ಗೆ ಮೊದಲು ಸ್ಮಿತಾ ಮೇಡಂಗೆ ಫೋನ್ ಮಾಡಿ, ನೀವು ಮೈಕಿನಲ್ಲಿ ಹೇಳಿದ್ದು ಸುಳ್ಳು ಅಮ್ಮ, ಆ ಎಂಜಿನ್ ಕೆಡಿಸಿದವನು ನಾನು ಅಂದೆ. ಅವರು, "ಇದನ್ನ ಹೇಳ್ಬೇಕಾದ್ದು ನನಗಲ್ಲ ನಾರಾಯಣಪ್ಪ," ಅಂದರು. "ನೀವು ಬರೆದುಕೊಡೋದ್ರಲ್ಲಿ ಇದೂ ಇರ್ಲಿ." ಅವರ ದನಿಯಲ್ಲಿ ಮೊದಲಿನ ಆದರ ಇರಲಿಲ್ಲ. ಇರಬಾರದು ಕೂಡ.

ಬಸ್ ಹತ್ತಿ ಚಿಕ್ಕಜಾಲದಲ್ಲಿ ಇಳಿದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೇಳಿದರೆ, "ಮಂಜಣ್ಣನಾ? ಕೆಳಗೆ ಪಂಪ್ ರೂಮಲ್ಲಿ," ಅಂದರು. ಮೆಟ್ಟಿಲಿಳಿದು ಹೋದೆ. ಮೋಟರುಗಳು ಭೋರೆನ್ನುತ್ತಿದ್ದವು. ಮಂಜು ಸ್ಟೂಲಿನ ಮೇಲೆ ಕೂತು ಊಟ ಮಾಡುತ್ತಿದ್ದ. ಕ್ಯಾರಿಯರ್ ತಂದಿದ್ದ ಸುಜಾತ ಗೋಡೆಗೊರಗಿ ನಿಂತಿದ್ದಳು. ನನ್ನನ್ನು ನೋಡಿ ಅವನು ಗಾಬರಿಯಾದ. ಅತ್ತಿಗೆ ಹುಷಾರಾಗಿದಾರಾ ಅಂತ ಸನ್ನೆಯಲ್ಲಿ ಕೇಳಿದ. ನಾನು ತಲೆಯಾಡಿಸಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನು ಆ ಸದ್ದಿನಲ್ಲೇ ಹೇಳಿದೆ. ನನ್ನ ಮಾತು ನನಗೇ ಕೇಳಿಸಲಿಲ್ಲ. ಹೇಳಿ ಮುಗೀತು, ಇನ್ನು ಹೋಗಬಹುದು ಅಂತ ಒಂದು ಕ್ಷಣ ಅನಿಸಿತು ಕೂಡ.

ಮಂಜು ಎದ್ದು ಎಡಗೈಯಲ್ಲಿ ಸ್ವಿಚ್ ಆರಿಸಿದ. ಮೋಟರುಗಳು ನಿಧಾನವಾಗಿ ನಿಂತವು. ಪೈಪಿನಲ್ಲಿ ನೀರು ಇಳಿಯುವ ಸದ್ದು ಬಿಟ್ಟರೆ ಏನೂ ಇಲ್ಲ.

"ಏನಂದೆ ಅಣ್ಣ? ಕೇಳಿಸ್ಲಿಲ್ಲ."

"ಆವತ್ತು ಯಾಕೋ ನಂದೇ ಅಂದೆ?" ಅಂತ ಕೇಳಿಬಿಟ್ಟೆ. ಆಗಲೂ ತಪ್ಪಿಸಿಕೊಳ್ಳುವ ದಾರಿಯನ್ನೇ ನಾನು ಹುಡುಕುತ್ತಿದ್ದೆ.

ಅವನು ಕೈಯಲ್ಲಿದ್ದ ಮುದ್ದೆಯನ್ನೇ ನೋಡುತ್ತ ಅಂದ: "ನೀನು ನನ್ ಕಡೆ ನೋಡ್ಲೇ ಇಲ್ಲ. ಅಷ್ಟು ಹೆದರಿದ್ದು ಯಾವತ್ತೂ ನೋಡಿರ್ಲಿಲ್ಲ ನಿನ್ನ. ನಾಳೆ ನೀನೇ ಹೇಳ್ತೀಯ ಅಂದ್ಕೊಂಡೆ."

"ನಾಳೆ ಅಂದ್ಕೊಂಡ್ರಂತೆ," ಅಂದಳು ಸುಜಾತ. "ದಿನಾ ಬಾಗಿಲ ಕಡೆ ನೋಡ್ತಿದ್ರು. ಅಣ್ಣ ಬರ್ತಾನೆ, ಯಜಮಾನ್ರ ಹತ್ರ ಕರ್ಕೊಂಡ್ ಹೋಗ್ತಾನೆ ಅಂತ."

"ಸುಮ್ನಿರೇ," ಅಂದ ಮಂಜು.

"ಯಾಕೆ ಸುಮ್ನಿರ್ಲಿ? ಇಷ್ಟ್ ದೂರ ಬಂದವ್ರೆ, ಹೇಳ್ಲಿ."

ಅವಳು ಹೇಳಿದ್ದು ಸರಿಯಾಗಿತ್ತು. ನಾನು ಚಪ್ಪಲಿ ಬಿಟ್ಟೆ. ಯಾಕೆ ಬಿಟ್ಟೆನೋ ಗೊತ್ತಿಲ್ಲ. ಇಬ್ಬರಿಗೂ ಕೇಳುವ ಹಾಗೆ, ಅವರ ಮುಖ ನೋಡಿಕೊಂಡೇ ಹೇಳಿದೆ:

"ಕೆಳಗಿನ ಪಿಸ್ಟನ್ ನಂದು ಮಂಜು. ಲಾಕ್ ಬೀಳಿಸ್ದೋನು ನಾನು, ಬಿದ್ದಿದ್ದು ಗೊತ್ತಿದ್ದೂ ಮುಚ್ಚಿಸ್ದೋನು ನಾನು, ನಿನ್ ಹೆಸ್ರು ಹೇಳ್ದೋನೂ ನಾನೇ. ನಿನ್ ಕೆಲ್ಸ ಕಿತ್ಕೊಂಡು ಇಷ್ಟು ವರ್ಷ ನಿಮ್ಮನೇಲೇ ಕೂತು ಊಟ ಮಾಡ್ದೆ. ತಪ್ಪಾಯ್ತು ಕಣೋ. ತಪ್ಪಾಯ್ತಮ್ಮ ಸುಜಾತ. ನನ್ನ ಕ್ಷಮಿಸಿ."